ಅಮ್ಮನ ಎತ್ತರದ ಕಿಟಕಿ

ನಮ್ಮ ಮನೆಯಲ್ಲಿ ವ್ಯಾನಿನ ಕಥೆ ಹೊರಡುವುದು ಕೊನೆಕೊಯ್ಲು ಶುರುವಾದ ಮೇಲೆಯೇ. ಹಗಲೆಲ್ಲ ತೋಟದಿಂದ ಹೊತ್ತು ತಂದ ಹಸಿ ಅಡಿಕೆ ಅಂಗಳದ ಚಪ್ಪರದಡಿ ರಾಶಿ ಬಿದ್ದಿರುತ್ತದೆ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಎದುರಿಟ್ಟುಕೊಂಡು ಎಲ್ಲರೂ ಸುಲಿಯಲು ಕೂರುತ್ತೇವೆ. ಪಕ್ಕದ ಒಲೆಯ ಮೇಲೆ ತಾಮ್ರದ ಹಂಡೆ, ಅದರೊಳಗೆ ಚೊಗರಿನಲ್ಲಿ ಕುದಿಯುವ ಅಡಿಕೆ. ಬೆಂಕಿ ನೋಡಿಕೊಳ್ಳುವುದು ಅಪ್ಪನ ಕೆಲಸ. ಕೈ ತಾನಾಗಿ ಓಡುತ್ತದೆ, ಕಣ್ಣು ಮಾತ್ರ ಎಳೆಯುತ್ತದೆ. ಆಗ ಅಣ್ಣನ ಮಗ, "ಅತ್ತೆ, ವ್ಯಾನಿನ ಕಥೆ" ಅನ್ನುತ್ತಾನೆ. ಹೇಳುವವಳು ನಾನು. ನಡುನಡುವೆ ತಿದ್ದುವವಳು ಅಮ್ಮ. ದೀಪಾವಳಿ ಕಳೆದ ಮೇಲೆ ಈ ವರ್ಷವೂ ಹೇಳಿಯಾಯಿತು. ಹೇಳಿ ಎದ್ದ ರಾತ್ರಿಯೇ ಇದನ್ನು ಬರೆದಿಡುತ್ತಿದ್ದೇನೆ.

ಸಾಗರದಿಂದ ಇಕ್ಕೇರಿ ದಾಟಿ ಒಳಗೆ ಹೋದರೆ ನಮ್ಮ ಊರು. ಎರಡು ಎಕರೆ ತೋಟ, ತೋಟದ ಅಂಚಿಗೆ ಒಂದು ಹಳ್ಳ. ತೋಟವೊಂದನ್ನೇ ನಂಬಿ ಸಂಸಾರ ಸಾಗದು ಎಂದು ಅಪ್ಪ 1988ರಲ್ಲಿ ಬ್ಯಾಂಕಿನ ಸಾಲ ಮಾಡಿ ಬಜಾಜ್ ಟೆಂಪೋ ಕಂಪನಿಯ ಮಟಾಡೋರ್ ತಂದ. ಆಗಿನ ಮಲೆನಾಡಿನಲ್ಲಿ ಮದುವೆ ದಿಬ್ಬಣವೆಂದರೆ ಮಟಾಡೋರ್, ಕ್ಷೇತ್ರದರ್ಶನವೆಂದರೆ ಮಟಾಡೋರ್, ರಾತ್ರಿ ಹೊತ್ತು ಬಸುರಿಯನ್ನು ಪೇಟೆ ಆಸ್ಪತ್ರೆಗೆ ಸಾಗಿಸುವುದೆಂದರೂ ಅದೇ. ಆ ಹೆಸರು ಮಾತ್ರ ಬಹಳ ದೂರದ್ದು. 1949ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆ ತನ್ನ ವ್ಯಾನಿಗೆ ಇಟ್ಟ ಹೆಸರು ಅಲ್ಲಿಂದ ಪುಣೆಗೆ ಬಂದು, ಪುಣೆಯಿಂದ ನಮ್ಮ ಕೊಟ್ಟಿಗೆಯವರೆಗೆ ಬಂದಿತ್ತು.

ಅಪ್ಪ ಹನ್ನೊಂದು ವರ್ಷ ಅದನ್ನು ಓಡಿಸಿದ. ಧರ್ಮಸ್ಥಳ, ಶೃಂಗೇರಿ, ಕೊಲ್ಲೂರು, ಗೋಕರ್ಣ, ಬಾದಾಮಿ, ಹಂಪಿ. ಬೇರೆಯವರ ಅಜ್ಜ ಅಜ್ಜಿಯರನ್ನು, ಬೇರೆಯವರ ಮದುಮಕ್ಕಳನ್ನು ಜೋಪಾನವಾಗಿ ಕರೆದೊಯ್ದು ಕರೆತಂದ. ಅವನು ಹೊರಡುವ ದಿನ ಅಮ್ಮ ನಸುಕಿನ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿಕೊಡುತ್ತಿದ್ದಳು. ಅವಳು ಆ ವ್ಯಾನಿನಲ್ಲಿ ಕೂತದ್ದು ಬೆರಳೆಣಿಕೆಯಷ್ಟು ಸಲ. ಹಸು ಕರೆಯುವವರು ಯಾರು, ಅಜ್ಜನಿಗೆ ಹೊತ್ತಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆ ಮನೆಯ ಹೊಸ್ತಿಲಲ್ಲೇ ಕೂತಿರುತ್ತಿತ್ತು.

ಕೊನೆಗೆ ಊರಿಗೆ ಓಮ್ನಿಗಳು ಬಂದವು, ಪೇಟೆಯಲ್ಲಿ ಟೆಂಪೋ ಟ್ರಾವೆಲರುಗಳು ನಿಂತವು. ಬಾಡಿಗೆ ಕಡಿಮೆಯಾಯಿತು. ಅಪ್ಪ ಸೀಟು ಕಿತ್ತು, ಎಡಬದಿಯ ಹಿಂದಿನ ಕಿಟಕಿಗಳಿಗೆ ತಗಡು ಹೊಡೆಸಿ, ಅಡಿಕೆ ಮೂಟೆ ಸಾಗಿಸಿ ನೋಡಿದ. ಅದೂ ಕೈಹಿಡಿಯಲಿಲ್ಲ. 1999ರ ಮಳೆಗಾಲಕ್ಕೆ ಮುಂಚೆ ಹಲಸಿನ ಮರದಡಿ ತಂದು ನಿಲ್ಲಿಸಿದ ವ್ಯಾನು ಆರು ವರ್ಷ ಅಲ್ಲೇ ನಿಂತಿತು. ಅಷ್ಟರಲ್ಲಿ ಅಡಿಕೆ ದರ ನೆಲ ಕಚ್ಚಿತ್ತು. ಗುಜರಿಯವರು ಎರಡು ಸಲ ಬಂದು ಕೇಳಿದರು. ಅಪ್ಪ ಎರಡು ಸಲವೂ, "ಮಳೆ ಕಳೀಲಿ" ಎಂದ.

ಕಥೆ ನಿಜವಾಗಿ ಶುರುವಾಗುವುದು 2005ರ ಏಪ್ರಿಲಿನಲ್ಲಿ, ಒಂದು ಭೂಪಟದಿಂದ. ನನಗೆ ಆಗ ಹದಿಮೂರು. ಪರೀಕ್ಷೆ ಮುಗಿದಿತ್ತು. ಶಾಲೆಯ ಅಟ್ಲಾಸಿನಲ್ಲಿ ಕರ್ನಾಟಕದ ನದಿಗಳನ್ನು ನೋಡುತ್ತ ಅಮ್ಮನಿಗೆ ತೋರಿಸುತ್ತಿದ್ದೆ. ನಮ್ಮ ತೋಟದ ಹಳ್ಳ ವರದೆಯನ್ನು ಸೇರುತ್ತದೆ. ವರದೆ ಹುಟ್ಟುವುದೇ ನಮ್ಮ ಪಕ್ಕದ ವರದಾಮೂಲದಲ್ಲಿ. ಅಲ್ಲಿಂದ ಬೆರಳು ಇಟ್ಟುಕೊಂಡು ಹೋದರೆ ಬನವಾಸಿ, ಮುಂದೆ ಹಾವೇರಿ ಸೀಮೆ, ಕೊನೆಗೆ ತುಂಗಭದ್ರೆ. ಎರಡೂ ಸೇರುವ ಊರಿನ ಹೆಸರು ಅಟ್ಲಾಸಿನಲ್ಲಿರಲಿಲ್ಲ. ಅಣ್ಣ ಹೇಳಿದ, "ಗಳಗನಾಥ."

ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟಳು. ಅವಳ ತವರಿನ ಅಟ್ಟದಲ್ಲಿ ಒಂದು ಪೆಟ್ಟಿಗೆ ತುಂಬ ಹಳೆಯ ಕಾದಂಬರಿಗಳಿದ್ದವು. ಮದುವೆಗೆ ಮೊದಲು ಅವಳು ಓದಿದ್ದೆಲ್ಲ ಅದೇ. 'ಮಾಧವ ಕರುಣಾ ವಿಲಾಸ'ವನ್ನು ಮೂರು ಸಲ ಓದಿದ್ದಳು. ಬರೆದವರು ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿಯವರು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು. ತಮ್ಮ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರುತ್ತಿದ್ದರಂತೆ ಎಂದು ಅವಳ ಅಪ್ಪ ಹೇಳುತ್ತಿದ್ದರಂತೆ.

"ನಾವು ಪಾತ್ರೆ ತೊಳೆದ ನೀರು ಅವರ ಊರಿಗೆ ಹೋಗ್ತದಾ?" ಎಂದು ಅಮ್ಮ ಕೇಳಿದಳು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಒಂದ್ಸಲ ನೋಡ್ಬೇಕು" ಎಂದಳು.

ಜಗಲಿಯಲ್ಲಿ ಎಲೆ ಹಾಕುತ್ತಿದ್ದ ಅಪ್ಪನಿಗೆ ಅದು ಕೇಳಿಸಿತ್ತು. ಮಾರನೆಯ ಬೆಳಿಗ್ಗೆ ನಾವು ಏಳುವಾಗ ಅವನು ಹಲಸಿನ ಮರದಡಿ ನಿಂತು ವ್ಯಾನಿನ ಮೇಲಿನ ತರಗೆಲೆ ಗುಡಿಸುತ್ತಿದ್ದ.

ಬಾಗಿಲು ತೆಗೆಯಲು ಅಣ್ಣ, ಚಿಕ್ಕಪ್ಪ ಇಬ್ಬರೂ ಜಗ್ಗಬೇಕಾಯಿತು. ಒಳಗಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಒದ್ದೆ ರೆಕ್ಸಿನ್, ಡೀಸೆಲ್, ಇಲಿಹಿಕ್ಕೆ. ಡ್ರೈವರ್ ಸೀಟಿನಡಿ ಕೋಳಿಯೊಂದು ಮೊಟ್ಟೆ ಇಟ್ಟಿತ್ತು. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಕೇರೆಹಾವಿನ ಪೊರೆ. ಹತ್ತುವ ಮೆಟ್ಟಿಲ ಬಳಿ ಅಣ್ಣ ಸ್ಕ್ರೂಡ್ರೈವರ್ ಊರಿದರೆ ಅದು ಹಪ್ಪಳ ಮುರಿದಂತೆ ನೆಲದ ತಗಡನ್ನು ತೂರಿ ಮಣ್ಣಿಗೆ ತಾಗಿತು. ಅಜ್ಜ ಕೋಲೂರಿ ನಿಂತು ಎಲ್ಲ ನೋಡಿ, "ಮೇಲಿನ ಬಣ್ಣ ನೋಡಬೇಡಿ, ಅಡಿಗೆ ನೋಡಿ" ಎಂದ.

ಅಡಿಗೆ ಮಲಗಿ ನೋಡಿದ ಅಪ್ಪ ನಗುಮುಖದಲ್ಲೇ ಹೊರಬಂದ. ಚಾಸಿ ಗಟ್ಟಿಯಿತ್ತು. ಮಟಾಡೋರಿನಲ್ಲಿ ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಹಿಂದಕ್ಕೆ ಉದ್ದದ ಶಾಫ್ಟ್ ಇರುವುದಿಲ್ಲ. ಹಾಗಾಗಿ ನೆಲ ತಗ್ಗು, ಸಪಾಟು. ಮುದುಕರೂ ಸಲೀಸಾಗಿ ಹತ್ತುತ್ತಾರೆ. "ಇದರೊಳಗೆ ಮನೆ ಮಾಡಬಹುದು" ಎಂದು ಅಪ್ಪ ಹೇಳಿದ್ದು ಆಗಲೇ. ಲಾಡ್ಜಿಗೆ ಕೊಡುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ ಎಂಬುದು ಒಂದು ಕಾರಣ. ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಅಡುಗೆ ಮಾಡಿಕೊಂಡು ಮಲಗಿ ಏಳುವ ಆಸೆ ಅಪ್ಪನಿಗೆ ಎಷ್ಟು ವರ್ಷದಿಂದ ಇತ್ತೋ, ಅದು ಇನ್ನೊಂದು.

ಎಂಜಿನ್ನೇ ಮೊದಲ ಕೆಲಸ. ಅದು ಮರ್ಸಿಡಿಸ್ ಬೆಂಜ್ ವಿನ್ಯಾಸದ್ದು. ನಾಲ್ಕು ಸಿಲಿಂಡರಿನ 2.4 ಲೀಟರ್ ಡೀಸೆಲ್. ಆ ಕಾಲದ ಡ್ರೈವರುಗಳು "ಬೆಂಜ್ ಎಂಜಿನ್" ಎಂದು ಎದೆಯುಬ್ಬಿಸಿ ಹೇಳುತ್ತಿದ್ದದ್ದು ಅದನ್ನೇ. ಆರು ವರ್ಷ ನಿಂತ ಎಂಜಿನ್ನಿಗೆ ಏಕಾಏಕಿ ಸ್ಟಾರ್ಟರ್ ಕೊಟ್ಟರೆ ಒಳಗಿನ ರಿಂಗುಗಳು ಕೆತ್ತಿ ಹೋಗುತ್ತವೆ. ಅಪ್ಪ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಎಣ್ಣೆ ಬಿಟ್ಟು ಎರಡು ರಾತ್ರಿ ಹಾಗೇ ಬಿಟ್ಟ. ಮೂರನೆಯ ದಿನ ದೊಡ್ಡ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ತಿರುಗಿಸಿದ. ಮೊದಲು ಅಲುಗಲಿಲ್ಲ. ಅಣ್ಣನೂ ಕೈ ಕೊಟ್ಟ. ಒಳಗೆಲ್ಲೋ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು ಬಂತು, ಸ್ಪ್ಯಾನರ್ ಕಾಲು ಸುತ್ತು ತಿರುಗಿತು. ಅಪ್ಪ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಹಸು ಕರು ಹಾಕುವಾಗ ಅದರ ಹೊಟ್ಟೆಯ ಮೇಲೆ ಅವನು ಹಾಗೇ ಕೈ ಇಡುತ್ತಾನೆ.

ಟ್ಯಾಂಕಿನ ಡೀಸೆಲ್ ಅಂಟಾಗಿತ್ತು. ಬಳಿದು, ತೊಳೆದು, ಹೊಸ ಫಿಲ್ಟರ್ ಹಾಕಿದರು. ಇನ್ನು ಏರ್ ತೆಗೆಯಬೇಕು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದ್ದರೆ ಎಂಜಿನ್ ಹತ್ತುವುದಿಲ್ಲ. ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರು ಕೊರೆದಿದ್ದ ಡೀಸೆಲ್ ಪಂಪಿನ ಗುಂಡಿಯನ್ನು ಒತ್ತುವ ಕೆಲಸ ನನ್ನದು. ಅಣ್ಣ ನಟ್ ಸಡಿಲಿಸುತ್ತಿದ್ದ, ನಾನು ಒತ್ತುತ್ತಿದ್ದೆ. ನೊರೆನೊರೆಯಾಗಿ ಬರುತ್ತಿದ್ದದ್ದು ಕೊನೆಗೆ ಗುಳ್ಳೆಯಿಲ್ಲದೆ ಸೂಜಿಯ ಹಾಗೆ ಚಿಮ್ಮಿದಾಗ ಅಣ್ಣ, "ಸಾಕು!" ಎಂದು ಕೂಗಿದ. ಹೀಟರ್ ಕೊಟ್ಟು ಕಾದು ಕೀಲಿ ತಿರುಗಿಸಿದರೆ ಎರಡು ಕೆಮ್ಮು, ಹಲಸಿನ ಮರ ಮುಚ್ಚುವಷ್ಟು ಕಪ್ಪು ಹೊಗೆ, ಆಮೇಲೆ ಆ ಸದ್ದು. ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. ಅವಳ ಕೈಯಲ್ಲಿ ಇನ್ನೂ ಅಕ್ಕಿ ತೊಳೆದ ನೀರು ಸುರಿಯುತ್ತಿತ್ತು.

ತಗಡಿನ ಕೆಲಸ ರಾತ್ರಿಯದು. ನಮ್ಮ ಊರಿಗೆ ಮೂರು ಫೇಸ್ ಕರೆಂಟು ಬರುತ್ತಿದ್ದದ್ದೇ ರಾತ್ರಿ ಹತ್ತರ ಮೇಲೆ. ಪೇಟೆಯಿಂದ ವೆಲ್ಡರ್ ಬಂದು ಕೊಳೆತ ನೆಲ ಕತ್ತರಿಸಿ ಹೊಸ ತಗಡು ಕೂರಿಸುತ್ತಿದ್ದರೆ ಅಡಿಕೆ ಮರಗಳ ಸೋಗೆಯೆಲ್ಲ ನೀಲಿಯಾಗಿ ಮಿಂಚಿ ಮಾಯವಾಗುತ್ತಿತ್ತು. ನೋಡಬೇಡ ಎಂದು ಅಜ್ಜ ಎಷ್ಟು ಹೇಳಿದರೂ ನಾನು ನೋಡಿದೆ. ಮಧ್ಯರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ಅಳುತ್ತ ಎದ್ದೆ. ಅಮ್ಮ ಆಲೂಗಡ್ಡೆ ಹೋಳು ಮಾಡಿ ಕಣ್ಣ ಮೇಲಿಟ್ಟು ಬೆಳಗಿನವರೆಗೆ ಪಕ್ಕದಲ್ಲಿ ಕೂತಿದ್ದಳು.

ಆ ರಾತ್ರಿಯೇ ಅವಳು ಅಡುಗೆಯ ಜಾಗದ ಮಾತೆತ್ತಿದ್ದು. ಅಣ್ಣ ಆಗ ಐಟಿಐ ಓದುತ್ತಿದ್ದ. ಚೌಕಳಿ ಹಾಳೆಯಲ್ಲಿ ಅಂದವಾದ ನಕ್ಷೆ ಬರೆದಿದ್ದ. ಹಿಂದೆ ಮಂಚ, ಬಲಕ್ಕೆ ಬೆಂಚು, ಎಡಕ್ಕೆ ತಗಡು ಹೊಡೆಸಿದ ಬದಿಯಲ್ಲಿ ಒಲೆ, ಒಲೆಯ ಮೇಲೆ ಡಬ್ಬಿ ಇಡುವ ಗೂಡುಗಳು. ಎಲ್ಲ ಸರಿಯಾಗಿಯೇ ಇತ್ತು. ಬೆಳಿಗ್ಗೆ ಅಪ್ಪ ಆ ಹಾಳೆಯನ್ನು ಅಮ್ಮನ ಮುಂದಿಟ್ಟು, "ನೀನು ಎಂತ ಹೇಳ್ತೆ?" ಎಂದ. ಹದಿನೆಂಟು ವರ್ಷದ ಸಂಸಾರದಲ್ಲಿ ಮನೆಯ ಒಂದು ಗೋಡೆ ಹೇಗಿರಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಮನೆ ಅಜ್ಜನ ಅಪ್ಪ ಕಟ್ಟಿಸಿದ್ದು. ಅಡುಗೆಮನೆಯಲ್ಲಿ ಬೆಳಕು ಬರುವುದು ಮಾಡಿನ ಒಂದು ಗಾಜಿನ ಹೆಂಚಿನಿಂದ, ಹೊಗೆಗೊಂದು ಗೂಡು. ದಾರಿಯಲ್ಲಿ ಯಾರು ಹೋದರು, ಮಳೆ ಬಂತೋ ನಿಂತಿತೋ ಎಂಬುದನ್ನು ಅವಳು ಸದ್ದಿನಿಂದಲೇ ತಿಳಿಯಬೇಕಿತ್ತು.

"ಗೂಡು ಬೇಡ. ಒಲೆ ಎದುರಿಗೆ ಕಿಟಕಿ ಬೇಕು" ಎಂದಳು ಅಮ್ಮ. "ಕೂತಾಗ ಹೊರಗೆ ಕಾಣೋ ಹಂಗೆ."

ತಗಡು ತೆಗೆದರೆ ಹಳೆಯ ಕಿಟಕಿ ಇದ್ದೇ ಇದೆಯಲ್ಲ ಎಂದ ಅಣ್ಣ. ಅದು ಸೀಟಿನಲ್ಲಿ ಕೂತವರ ಎತ್ತರದ್ದು. ಅಮ್ಮ ಅಡುಗೆ ಮಾಡುವುದು ಮಣೆಯ ಮೇಲೆ ಕೂತು. ಅಪ್ಪ ಹೆಚ್ಚು ಮಾತಾಡಲಿಲ್ಲ. ಮಣೆ ತಂದು ವ್ಯಾನಿನೊಳಗೆ ಒಲೆ ಬರುವ ಜಾಗದ ಎದುರಿಗೆ ಇಟ್ಟ, ಕೂರು ಎಂದ. ತಾನು ಹೊರಗೆ ಹೋಗಿ ಸೀಮೆಸುಣ್ಣ ಹಿಡಿದು ನಿಂತ. ಒಳಗೆ ಕತ್ತಲು. ಅಮ್ಮ ತನ್ನ ಕಣ್ಣಿನ ನೇರಕ್ಕೆ ತಗಡಿನ ಮೇಲೆ ಬೆರಳಗೆಣ್ಣಿನಿಂದ ತಟ್ಟಿದಳು. ಹೊರಗಿನಿಂದ ಅಪ್ಪ ಕಿವಿಗೊಟ್ಟು ಆ ಸದ್ದಿನ ಜಾಗಕ್ಕೆ ಒಂದು ಚುಕ್ಕಿ ಇಟ್ಟ. "ಎಡಕ್ಕೆ ಎಲ್ಲಿವರೆಗೆ?" ಟಕ್ ಟಕ್. ಇನ್ನೊಂದು ಚುಕ್ಕಿ. "ಬಲಕ್ಕೆ?" ಟಕ್ ಟಕ್. ನಾನು ಹೊರಗೆ ಅಪ್ಪನ ಪಕ್ಕದಲ್ಲಿದ್ದೆ. ನಾಲ್ಕೂ ಕಡೆ ತಟ್ಟಿ ಮುಗಿದ ಮೇಲೆ ಹಳೆ ಬಣ್ಣದ ಮೇಲೆ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದ. ಹನ್ನೊಂದು ವರ್ಷ ಊರವರನ್ನೆಲ್ಲ ಸುತ್ತಿಸಿದ ವ್ಯಾನಿನ ಮೈಮೇಲೆ ಅಮ್ಮನ ಅಳತೆಯ ಒಂದು ಆಯ ಮೂಡಿತ್ತು.

ಕತ್ತರಿಸಿದ್ದು ಅಣ್ಣ. ಎರಡು ಕಂಬಿಗಳ ನಡುವೆಯೇ ಬರುವಂತೆ ಅಪ್ಪ ಅರ್ಧ ಗೇಣು ಹಿಂದೆ ಸರಿಸಿದ್ದ, ಇಲ್ಲದಿದ್ದರೆ ಬಾಡಿ ಸಡಿಲವಾಗುತ್ತದೆ. ಗಾಜು ಕೂರಿಸುವುದು ಎಲ್ಲರೂ ಸೇರಿ ಮಾಡುವ ಕೆಲಸ. ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿ, ಅದರ ಒಳಸೀಳಿನಲ್ಲಿ ಸುತ್ತಲೂ ಒಂದು ಹುರಿ ಕೂರಿಸಿ, ಸಾಬೂನು ನೀರು ಹಚ್ಚಿ ಹೊರಗಿನಿಂದ ಒತ್ತಿ ಹಿಡಿಯಬೇಕು. ಒಳಗಿದ್ದವರು ಹುರಿ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡನ್ನು ದಾಟಿ ಒಳಗೆ ಕೂರುತ್ತದೆ. ಹೊರಗೆ ಅಪ್ಪ, ಚಿಕ್ಕಪ್ಪ, ನಾನು. ಒಳಗೆ ಹುರಿ ಎಳೆದವಳು ಅಮ್ಮ. ಗಾಜಿನಾಚೆ ಅವಳ ಮುಖ ಒಂದೊಂದೇ ಗೇಣು ಸ್ಪಷ್ಟವಾಗುತ್ತ ಬಂತು.

ಜೂನ್ ಮೊದಲ ಮಳೆಗೆ ಆ ಕಿಟಕಿ ಸೋರಿತು. ಕೆಳಗಿನ ಎರಡೂ ಮೂಲೆಗಳಿಂದ ನೀರು ಇಳಿದು ಹೊಸ ಬಣ್ಣದ ಮೇಲೆ ಗೆರೆ ಬಿತ್ತು. ಅಣ್ಣ ಮೂಲೆಗಳನ್ನು ಚೌಕವಾಗಿ ಕತ್ತರಿಸಿದ್ದ. ರಬ್ಬರು ಚೂಪು ಮೂಲೆಯಲ್ಲಿ ಬಿಗಿಯಾಗಿ ಕೂರುವುದಿಲ್ಲ, ಅದಕ್ಕೆ ದುಂಡು ಬೇಕು. ಅವನು ಆ ದಿನ ಊಟ ಮಾಡಲಿಲ್ಲ. ಅಪ್ಪ ಬೈಯಲಿಲ್ಲ. ಮಳೆ ಬಿಡುವು ಕೊಟ್ಟಾಗ ಗಾಜು ಬಿಚ್ಚಿ, ನಾಲ್ಕೂ ಮೂಲೆಗೆ ಚೂರು ತಗಡು ವೆಲ್ಡ್ ಮಾಡಿಸಿ, ಅರೆಗೋಲ ಅರದಿಂದ ತಿಕ್ಕಿ ತಿಕ್ಕಿ ಬಳೆಯ ತಿರುವಿನ ಹಾಗೆ ದುಂಡಗೆ ಮಾಡಲು ಅಣ್ಣನಿಗೆ ಒಂದು ವಾರ ಹಿಡಿಯಿತು. ರೆಡ್ ಆಕ್ಸೈಡ್ ಹೊಡೆದು ಮತ್ತೆ ಗಾಜು ಕೂರಿಸಿದೆವು. ಆಷಾಢದ ಮಳೆಯಲ್ಲಿ, ಹೆಂಚಿನ ಮೇಲೆ ಬಿದ್ದ ನೀರು ಅಂಗಳಕ್ಕೆ ಹಗ್ಗದಂತೆ ಸುರಿಯುವಾಗ, ಅಣ್ಣ ಟಾರ್ಚ್ ಹಿಡಿದು ಹೋಗಿ ಆ ಮೂಲೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದ. ಒಣಗಿಯೇ ಇದ್ದವು.

ಮಳೆಗಾಲ ಪೂರ್ತಿ ಒಳಗಿನ ಕೆಲಸ ನಡೆಯಿತು. ಮಂಚಕ್ಕೆ ತೋಟದ ಹಳೆಯ ಅಡಿಕೆ ಮರ ಸೀಳಿದ ದಬ್ಬೆ, ಅದರ ಮೇಲೆ ನಾರಿನ ಹಾಸಿಗೆ. ಇಪ್ಪತ್ತು ಲೀಟರಿನ ಕ್ಯಾನಿಗೆ ನಲ್ಲಿ. ಪಂಪ್ ಸ್ಟವ್ ಜಾರದಂತೆ ಕಬ್ಬಿಣದ ಕಟ್ಟು. ಹುಳ ಹಿಡಿಯದಿರಲೆಂದು ಮರಕ್ಕೆಲ್ಲ ಗೇರೆಣ್ಣೆ ಬಳಿದ ಚಿಕ್ಕಪ್ಪನ ಕೈ ಬೊಬ್ಬೆ ಎದ್ದು ಹದಿನೈದು ದಿನ ಅವನಿಗೆ ಅಮ್ಮನೇ ಅನ್ನ ಕಲಸಿ ಕೊಡಬೇಕಾಯಿತು. ಪೇಟೆಯಲ್ಲಿ ಕಾಗದಪತ್ರ, ವಿಮೆ, ಟೈರು ಎಂದು ಅಪ್ಪ ಓಡಾಡಿದ. ಆ ವರ್ಷವೇ ಬಜಾಜ್ ಟೆಂಪೋ ಎಂಬ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಎಂದು ಬದಲಾಯಿತು. ಪೇಪರಿನಲ್ಲಿ ಅದನ್ನು ಓದಿದ ಅಪ್ಪ ವ್ಯಾನಿನ ಮುಂದಿನ ಹಳೆಯ ಹೆಸರಿನ ಅಕ್ಷರಗಳಿಗೆ ತಾನೇ ಕುಂಚ ಹಿಡಿದು ಬೆಳ್ಳಿ ಬಣ್ಣ ತುಂಬಿದ.

ಬೆಂಚಿಗೆ ಹಲಗೆ ಸಾಲದೆ ಬಂತು. ಜಗಲಿಯ ತೂಗುಮಂಚದ ಹಲಗೆ ಹಲಸಿನದ್ದು, ಎರಡು ತಲೆಮಾರು ಕೂತು ಕೂತು ಜೇನಿನ ಬಣ್ಣಕ್ಕೆ ತಿರುಗಿದ್ದು. ಅಜ್ಜ ಮಧ್ಯಾಹ್ನ ಮಲಗುತ್ತಿದ್ದದ್ದು ಅದರ ಮೇಲೆಯೇ. ಒಂದು ಬೆಳಿಗ್ಗೆ ನೋಡಿದರೆ ಸರಪಳಿಗಳು ಬರಿದೇ ನೇತಾಡುತ್ತಿದ್ದವು. ಹಲಗೆ ವ್ಯಾನಿಗೆ ಒರಗಿಸಿತ್ತು. "ಹಸು ನಾನು ನೋಡ್ಕೊಳ್ತೆ. ನಾನು ಬರೂದಿಲ್ಲ. ಅದನ್ನ ಕರ್ಕೊಂಡು ಹೋಗಿ" ಎಂದ ಅಜ್ಜ. ಹೊಸ್ತಿಲಲ್ಲಿ ಅಷ್ಟು ವರ್ಷ ಕೂತಿದ್ದ ಪ್ರಶ್ನೆ ಎದ್ದು ಹೋದದ್ದು ಹಾಗೆ.

ದಸರಾ ರಜೆಯಲ್ಲಿ ಹೊರಟೆವು. ಅಜ್ಜ ಚಕ್ರದ ಮುಂದೆ ಕಾಯಿ ಒಡೆದ. ಮೊದಲು ವರದಾಮೂಲದ ಕೊಳ, ಆಮೇಲೆ ಸೊರಬದ ದಾರಿ. ಬನವಾಸಿಯಲ್ಲಿ ವರದೆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತಾಳೆ. ಮಧುಕೇಶ್ವರನ ಗುಡಿಯ ಕಲ್ಲು ಕಂಬಗಳು ನಮ್ಮ ಮುಖ ಕಾಣುವಷ್ಟು ನುಣುಪು. ಅಮ್ಮ ಅಲ್ಲಿ ನದಿಯ ದಂಡೆಗೆ ಇಳಿದು ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿ, "ಎಷ್ಟು ದಪ್ಪ ಆಗಿದಾಳೆ" ಎಂದಳು, ತವರಿಗೆ ಬಂದ ಮಗಳನ್ನು ನೋಡಿದ ಹಾಗೆ. ಆ ರಾತ್ರಿ ವ್ಯಾನಿನಲ್ಲಿ ಮೊದಲ ಸಲ ಮಲಗಿದೆವು. ಅಡಿಕೆ ದಬ್ಬೆ ಕಿರುಗುಟ್ಟುತ್ತಿತ್ತು. ಯಾರಿಗೂ ಬೇಗ ನಿದ್ದೆ ಬರಲಿಲ್ಲ. ಅಪ್ಪ ಕತ್ತಲಲ್ಲಿ ತಾನು ಕರೆದೊಯ್ದ ದಿಬ್ಬಣಗಳ ಕಥೆಗಳನ್ನು ಒಂದೊಂದಾಗಿ ಹೇಳಿದ. ನಮಗೆ ಗೊತ್ತಿದ್ದ ಅಪ್ಪ ಅಷ್ಟು ಮಾತಾಡುವವನಲ್ಲ.

ಹಾನಗಲ್ಲು, ಹಾವೇರಿ ದಾಟಿದ ಮೇಲೆ ಅಡಿಕೆ ಇಲ್ಲ, ಗುಡ್ಡ ಇಲ್ಲ. ಎರೆಮಣ್ಣಿನ ಹೊಲ, ಹತ್ತಿ, ಜೋಳ, ಕಣ್ಣು ಸೋಲುವವರೆಗೆ ಆಕಾಶ. ಮೂರನೆಯ ಮಧ್ಯಾಹ್ನ ಗಳಗನಾಥ ಮುಟ್ಟಿದೆವು. ಗಳಗೇಶ್ವರನ ಗುಡಿ ಬೇರೆ ಗುಡಿಗಳಂತಲ್ಲ. ಗರ್ಭಗುಡಿಯ ಗೋಡೆ ಕೆಳಗೆ ಅಗಲವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ, ಪ್ರವಾಹಕ್ಕೆ ಕಾಲು ಊರಿ ನಿಂತ ಹಾಗೆ. ಅದರಾಚೆ ಹೊಳೆ. ನಮ್ಮ ವರದೆ ಬಂದು ತುಂಗಭದ್ರೆಯೊಳಗೆ ಸೇರುವುದು ಅಲ್ಲಿ.

ಅಪ್ಪ ಡ್ರೈವರಿನ ಅಭ್ಯಾಸದಂತೆ ನೆರಳು ನೋಡಿ ಒಂದು ಬೇವಿನ ಮರದಡಿ ವ್ಯಾನು ನಿಲ್ಲಿಸಿದ. ಅಣ್ಣ, ನಾನು ಜಿಗಿದು ಹೊಳೆಗೆ ಓಡಿದೆವು. ಚಾ ಕುಡಿಯಲು ಬನ್ನಿ ಎಂದು ಕರೆಯುತ್ತಾಳೆಂದು ತಿರುಗಿ ಬಂದರೆ ಅಮ್ಮ ಒಲೆ ಹಚ್ಚಿರಲಿಲ್ಲ. ಮಣೆಯ ಮೇಲೆ ಕೂತಿದ್ದಳು. ಕಿಟಕಿಯಾಚೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಜಾಲಿ. ಹೊಳೆ ಇನ್ನೊಂದು ಬದಿಗಿತ್ತು.

"ಕಿಟಕಿ ಆಚೆ ಕಡೆಗಾಯ್ತು" ಎಂದಳು, ಮೆಲ್ಲಗೆ. ಅಪ್ಪನ ಮುಖ ನೋಡಿ ಕೂಡಲೇ, "ಅಡ್ಡಿಲ್ಲ ಬಿಡಿ, ಆಮೇಲೆ ಹೋಗಿ ನೋಡ್ತೆ" ಎಂದಳು.

ಅಪ್ಪ ಆಗಷ್ಟೇ ಎಳೆದು ಕಟ್ಟಿದ್ದ ಪಂಚೆಯಲ್ಲೇ ಡ್ರೈವರ್ ಸೀಟಿಗೆ ಹತ್ತಿದ. ಕೀಲಿ ತಿರುಗಿಸಿದ. ಎರಡು ದಿನದ ಹಿಂದೆ ಅಲ್ಲಿ ಮಳೆಯಾಗಿತ್ತು. ಹೊಳೆಯ ಕಡೆಗಿನ ಎರೆಮಣ್ಣು ಟೈರಿಗೆ ಹಿಟ್ಟಿನಂತೆ ಮೆತ್ತಿಕೊಂಡಿತು. ಜಾಗ ಇಕ್ಕಟ್ಟು. ಹಿಂದೆ ಬೇವಿನ ಮರ, ಮುಂದೆ ದಿಬ್ಬ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಅಣ್ಣ, ನಾನು ಚಕ್ರದಡಿ ಕಲ್ಲು ಇಡುತ್ತ, ತೆಗೆಯುತ್ತ ಮೊಣಕಾಲವರೆಗೆ ಕರಿಮಣ್ಣಾದೆವು. ಹಬ್ಬದ ಬಟ್ಟೆ ಎಂದು ಯಾರೂ ಬೈಯಲಿಲ್ಲ. ಅಮ್ಮ ಇಳಿಯಲಿಲ್ಲ, ಒಳಗೇ ಮಣೆಯ ಮೇಲೆ ಕೂತಿದ್ದಳು. ಪ್ರತಿ ಸಲ ನಿಲ್ಲಿಸಿದಾಗ ಅಪ್ಪ ತಿರುಗಿ, "ಈಗ?" ಎನ್ನುತ್ತಿದ್ದ. ತಗಡಿನ ಮೇಲೆ ಅವಳು ಬೆರಳಗೆಣ್ಣಿನಿಂದ ತಟ್ಟುವ ಸದ್ದು ಬರುತ್ತಿತ್ತು, ಇನ್ನೂ ಸ್ವಲ್ಪ ಎಂಬಂತೆ.

ಕೊನೆಯ ಸಲ ತಟ್ಟಲಿಲ್ಲ. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಗಾಜಿನಲ್ಲಿ ಹೊಳೆ ಕಾಣುತ್ತಿತ್ತು. ಹೊಳೆಯ ಹಿಂದೆ ಅಮ್ಮನ ಕಣ್ಣು. ಆಮೇಲೆ ಸ್ಟವ್ವಿಗೆ ಗಾಳಿ ಹೊಡೆಯುವ ಸದ್ದು ಕೇಳಿಸಿತು.

"ಮೂರು ಸಲ ಹಿಂದೆ ಮುಂದೆ ಮಾಡಿದ ಅಪ್ಪ" ಎಂದು ನಾನು ಪ್ರತಿ ವರ್ಷ ಇಲ್ಲಿ ಹೇಳುತ್ತೇನೆ. ಒಲೆಯ ಬಳಿ ಅಪ್ಪ ಕೊಳ್ಳಿ ಮುಂದಕ್ಕೆ ನೂಕುತ್ತಾನೆ. ಅಮ್ಮ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತ ತಿದ್ದುತ್ತಾಳೆ: "ನಾಲ್ಕು ಸಲ."